ಭಯಕ್ಕೂ ಒಂದು ಚರಿತ್ರೆ ಇರುತ್ತದೆ: ಡೆಟ್ರಾಯಿಟ್‌ನ ಒಂದು ಮನೆ, ಒಂದು ಸಾವು, ಒಂದು ತೀರ್ಪು

1926ರ ಮೇ 13. ಅಮೆರಿಕದ ಡೆಟ್ರಾಯಿಟ್ ನಗರದ ಕೋರ್ಟು. ಹನ್ನೆರಡು ಜನ ಸಾಲಾಗಿ ಬಂದು ನಿಂತರು. ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು. ಆರೋಪಿ ಹೆನ್ರಿ ಸ್ವೀಟ್, ಇಪ್ಪತ್ತು ದಾಟಿದ ಕಪ್ಪು ವರ್ಣದ ವಿದ್ಯಾರ್ಥಿ. ಒಬ್ಬ ಬಿಳಿಯನ ಕೊಲೆಯ ಆರೋಪ ಅವನ ಮೇಲಿತ್ತು. ಕಿಟಕಿಯಿಂದ ಗುಂಡು ಹಾರಿಸಿದ್ದು ನಿಜ ಅಂತ ಅವನೇ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ.

ಹನ್ನೆರಡು ಜನ ನಾಲ್ಕು ಗಂಟೆಯೂ ಚರ್ಚೆ ಮಾಡಿರಲಿಲ್ಲ. ಅವರ ಮುಖ್ಯಸ್ಥ ಹೇಳಿದ್ದು ಒಂದೇ ಮಾತು: ತಪ್ಪಿತಸ್ಥನಲ್ಲ.

ಕೋರ್ಟಿನಲ್ಲಿದ್ದ ಕಪ್ಪು ಜನ ಅತ್ತುಬಿಟ್ಟರು. ಆ ಕಾಲದ ಅಮೆರಿಕದಲ್ಲಿ ಇಂಥ ತೀರ್ಪು ಯಾರೂ ನಿರೀಕ್ಷಿಸುವಂಥದ್ದಲ್ಲ. ಹಾಗಾದರೆ ಇದು ಹೇಗೆ ಬಂತು? ಬಂದ ಮೇಲೆ ಊರು ಏನು ಮಾಡಿತು? ಈ ಎರಡು ಪ್ರಶ್ನೆ ಇಟ್ಟುಕೊಂಡು ನೂರು ವರ್ಷ ಹಿಂದಕ್ಕೆ ಹೋಗಿಬರೋಣ.

ಕೆಲಸ ಇತ್ತು, ಮನೆ ಇರಲಿಲ್ಲ

ಡೆಟ್ರಾಯಿಟ್ ಅಂದರೆ ಕಾರುಗಳ ಊರು. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂತ ಘೋಷಿಸಿದ ಊರು. ದಕ್ಷಿಣದ ರಾಜ್ಯಗಳ ಹತ್ತಿ ಹೊಲಗಳಲ್ಲಿ ಬೆವರು ಸುರಿಸಿಯೂ ಸಾಲ ತೀರದಿದ್ದ ಕಪ್ಪು ಜನ ರೈಲು ಹತ್ತಿ ಈ ಕಡೆ ಬಂದರು. 1910ರಲ್ಲಿ ಡೆಟ್ರಾಯಿಟ್‌ನಲ್ಲಿ ಕಪ್ಪು ಜನ ಆರು ಸಾವಿರವೂ ಇರಲಿಲ್ಲ. 1920ಕ್ಕೆ ನಲವತ್ತು ಸಾವಿರ ದಾಟಿದರು. 1930ಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ.

ಕಾರ್ಖಾನೆಯ ಬಾಗಿಲು ಅವರಿಗೆ ತೆರೆಯಿತು. ಬೀದಿಯ ಬಾಗಿಲು ತೆರೆಯಲಿಲ್ಲ. ಊರಿನ ಒಂದು ಮೂಲೆಯ 'ಬ್ಲ್ಯಾಕ್ ಬಾಟಮ್' ಎಂಬ ಕೇರಿಯಲ್ಲೇ ಇವರೆಲ್ಲ ಇರಬೇಕು. ಒಂದು ಕೋಣೆಯಲ್ಲಿ ಎರಡು ಸಂಸಾರ. ಕೈಯಲ್ಲಿ ದುಡ್ಡಿದ್ದರೂ ಬೇರೆ ಬೀದಿಯಲ್ಲಿ ಮನೆ ಸಿಗುವುದಿಲ್ಲ. ಎಷ್ಟೋ ಮನೆಗಳ ಕ್ರಯಪತ್ರದಲ್ಲೇ 'ಕಪ್ಪು ಜನಕ್ಕೆ ಮಾರುವಂತಿಲ್ಲ' ಎಂಬ ಷರತ್ತು ಬರೆದಿರುತ್ತಿತ್ತು. ಷರತ್ತು ಇಲ್ಲದ ಕಡೆ ಗುಂಪು ಸೇರುತ್ತಿತ್ತು.

ಆ ಹೊತ್ತಿಗೆ ಊರಿನಲ್ಲಿ ಕು ಕ್ಲಕ್ಸ್ ಕ್ಲಾನ್ ಸಂಘದ ಬಲವೂ ಏರಿತ್ತು. ಬಿಳಿಯರೇ ಮೇಲು ಅಂತ ಮುಸುಕು ಹಾಕಿಕೊಂಡು ತಿರುಗುತ್ತಿದ್ದ ಸಂಘ ಇದು. 1924ರ ಮೇಯರ್ ಚುನಾವಣೆಯಲ್ಲಿ ಕ್ಲಾನ್ ಬೆಂಬಲಿಸಿದ ಅಭ್ಯರ್ಥಿಯ ಹೆಸರು ಮತಪತ್ರದಲ್ಲೇ ಇರಲಿಲ್ಲ. ಮತದಾರರು ಕೈಯಲ್ಲಿ ಹೆಸರು ಬರೆದು ಹಾಕಿದರು. ಅಷ್ಟಕ್ಕೇ ಅವನು ಗೆಲುವಿನ ಅಂಚಿಗೆ ಬಂದಿದ್ದ.

1925ರ ಜೂನ್‌ನಲ್ಲಿ ಅಲೆಗ್ಸಾಂಡರ್ ಟರ್ನರ್ ಎಂಬ ಕಪ್ಪು ಶಸ್ತ್ರವೈದ್ಯರು ಬಿಳಿಯರ ಬೀದಿಯಲ್ಲಿ ಮನೆ ಕೊಂಡು ಹೋದರು. ಅದೇ ದಿನ ಗುಂಪು ನುಗ್ಗಿತು. ಸಾಮಾನನ್ನು ಲಾರಿಗೆ ತುಂಬಿ, ಮನೆ ಬಿಟ್ಟುಕೊಡುವ ಕಾಗದಕ್ಕೆ ಅವರಿಂದ ರುಜು ಹಾಕಿಸಿಕೊಂಡಿತು. ಜುಲೈಯಲ್ಲಿ ಇನ್ನೂ ಕೆಲವು ಮನೆಗಳ ಮುಂದೆ ಇದೇ ನಡೆಯಿತು.

ಈ ಸುದ್ದಿಯನ್ನೆಲ್ಲ ಓದುತ್ತ ಕೂತಿದ್ದವರಲ್ಲಿ ಡಾಕ್ಟರ್ ಓಸಿಯನ್ ಸ್ವೀಟ್ ಒಬ್ಬರು. ಹೆನ್ರಿಯ ಅಣ್ಣ.

ಡಾಕ್ಟರು ಕೊಂಡ ಮನೆ

ಓಸಿಯನ್ ಹುಟ್ಟಿದ್ದು ಫ್ಲಾರಿಡಾದಲ್ಲಿ, ಬಡ ರೈತ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಊರಿಂದ ಕಳಿಸಿದರು, ಓದಲಿ ಅಂತ. ಹೋಟೆಲಿನಲ್ಲಿ, ಹಡಗಿನಲ್ಲಿ ದುಡಿದು ಓದಿದರು. ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯರಾದರು. 1921ರಲ್ಲಿ ಡೆಟ್ರಾಯಿಟ್‌ಗೆ ಬಂದು ದವಾಖಾನೆ ಇಟ್ಟರು. ಗ್ಲಾಡಿಸ್ ಎಂಬ ಹುಡುಗಿಯನ್ನು ಮದುವೆಯಾದರು. ಹೆಚ್ಚಿನ ಓದಿಗೆ ಇಬ್ಬರೂ ವಿಯೆನ್ನಾ, ಪ್ಯಾರಿಸ್‌ಗೂ ಹೋಗಿಬಂದರು. ಪ್ಯಾರಿಸ್‌ನಲ್ಲೇ ಮಗಳು ಹುಟ್ಟಿದಳು.

1925ರಲ್ಲಿ ಗಾರ್ಲೆಂಡ್ ಅವೆನ್ಯೂ ಎಂಬ ಬೀದಿಯಲ್ಲಿ ಒಂದು ಇಟ್ಟಿಗೆ ಮನೆ ಕೊಂಡರು. ಬೆಲೆ 18,500 ಡಾಲರ್. ಪೇಟೆ ಬೆಲೆಗಿಂತ ಜಾಸ್ತಿಯೇ. ಬೇರೆ ಯಾರಾದರೂ ಕೊಂಡಿದ್ದರೆ ಅಷ್ಟು ಕೊಡಬೇಕಿರಲಿಲ್ಲ.

ಸುದ್ದಿ ಹರಡಿತು. ಬೀದಿಯವರು 'ಸುಧಾರಣಾ ಸಂಘ' ಕಟ್ಟಿದರು. ಹೆಸರು ಕೇಳಿದರೆ ಚರಂಡಿ, ಬೀದಿದೀಪ ಸುಧಾರಿಸುವ ಸಂಘ ಅನ್ನಿಸುತ್ತದೆ. ಆದರೆ ಮನೆ ಎದುರಿನ ಶಾಲೆಯಲ್ಲಿ ಅದು ನಡೆಸಿದ ಸಭೆಯ ವಿಷಯ ಒಂದೇ: ಕಪ್ಪು ಜನ ಈ ಬೀದಿಗೆ ಕಾಲಿಡಬಾರದು.

ಸೆಪ್ಟೆಂಬರ್ 8ರಂದು ಸ್ವೀಟ್ ದಂಪತಿ ಮನೆಗೆ ಬಂದರು. ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದರು. ಜೊತೆಗೆ ತಮ್ಮಂದಿರು ಮತ್ತು ಗೆಳೆಯರು. ಪೊಲೀಸರಿಗೆ ಮೊದಲೇ ತಿಳಿಸಿದ್ದರು. ಸಾಮಾನಿನ ಜೊತೆ ಬಂದೂಕುಗಳೂ, ಮದ್ದುಗುಂಡೂ ಇದ್ದವು. ಮೊದಲ ರಾತ್ರಿ ಗುಂಪು ಸೇರಿ ನಿಂತು ಹೋಯಿತು.

ಎರಡನೇ ರಾತ್ರಿ, ಸೆಪ್ಟೆಂಬರ್ 9. ಗುಂಪು ಇನ್ನೂ ದೊಡ್ಡದಾಗಿತ್ತು. ಮನೆಯಲ್ಲಿ ಹನ್ನೊಂದು ಜನ. ಹೊರಗೆ ಪೊಲೀಸರು ನಿಂತಿದ್ದರು, ಆದರೆ ಗುಂಪನ್ನು ಚದುರಿಸಲಿಲ್ಲ. ಕತ್ತಲಾದ ಮೇಲೆ ಓಸಿಯನ್‌ರ ಇನ್ನೊಬ್ಬ ತಮ್ಮ ಓಟಿಸ್ ಒಬ್ಬ ಗೆಳೆಯನ ಜೊತೆ ಟ್ಯಾಕ್ಸಿಯಲ್ಲಿ ಬಂದಿಳಿದರು. ಗುಂಪು ಕೂಗುತ್ತ ಕಲ್ಲು ತೂರಿತು. ಇಬ್ಬರೂ ಓಡಿ ಒಳಗೆ ಸೇರಿದರು. ಮಾಡಿನ ಮೇಲೆ ಕಲ್ಲಿನ ಮಳೆ. ಕಿಟಕಿಯ ಗಾಜು ಒಡೆಯಿತು.

ಆಗ ಮೇಲಿನ ಕಿಟಕಿಗಳಿಂದ ಗುಂಡು ಹಾರಿತು. ಲಿಯಾನ್ ಬ್ರೈನರ್ ಎಂಬ ಬಿಳಿಯ ಸತ್ತ. ಎದುರು ಸಾಲಿನ ಮನೆಯ ಜಗಲಿಯ ಹತ್ತಿರ ಇದ್ದವನು. ಗುಂಡು ಬೆನ್ನಿಗೆ ಬಿದ್ದಿತ್ತು. ಇನ್ನೊಬ್ಬನ ಕಾಲಿಗೆ ಗಾಯವಾಯಿತು. ಪೊಲೀಸರು ಹನ್ನೊಂದು ಜನರನ್ನೂ ಹಿಡಿದರು. ಗ್ಲಾಡಿಸ್‌ ಸೇರಿ ಎಲ್ಲರ ಮೇಲೂ ಕೊಲೆ ಆರೋಪ.

ಬ್ರೈನರ್ ಕಲ್ಲು ಹೊಡೆದ ಅಂತ ಯಾರೂ ಸಾಬೀತು ಮಾಡಲಿಲ್ಲ. ಅವನಿಗೂ ಮನೆಮಂದಿ ಇದ್ದರು. ಈ ಕತೆಯನ್ನು ಹೇಳುವಾಗ ಅದನ್ನು ಮರೆಯಬಾರದು.

ಊರು ಮೊದಲೇ ಕೊಟ್ಟ ತೀರ್ಪು

ವಿಚಾರಣೆ ಶುರುವಾಗುವ ಮೊದಲೇ ಊರು ಎರಡಾಯಿತು. ಮೇಯರ್ ಜಾನ್ ಸ್ಮಿತ್ ಬಹಿರಂಗ ಪತ್ರ ಬರೆದರು. ಕ್ಲಾನ್‌ನವರನ್ನು ಬೈದರು. ಜೊತೆಗೇ, ಗಲಾಟೆ ಆಗುತ್ತದೆ ಅಂತ ಗೊತ್ತಿದ್ದೂ ಅಂಥ ಕಡೆ ಮನೆ ಮಾಡಲು ಹೋಗುವ ಕಪ್ಪು ಜನರದ್ದೂ ತಪ್ಪು ಅಂದರು. 'ಹಕ್ಕು ಇರಬಹುದು, ಆದರೆ ಯಾಕೆ ಹೋಗಬೇಕಿತ್ತು?' ಈ ಮಾತು ಎಲ್ಲ ಊರಿನಲ್ಲೂ, ಎಲ್ಲ ಕಾಲದಲ್ಲೂ ಕೇಳುವ ಮಾತೇ.

ಇತ್ತ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘ ಕೇಸು ಕೈಗೆತ್ತಿಕೊಂಡಿತು. ಅದರ ಕಾರ್ಯದರ್ಶಿ ಕವಿ ಜೇಮ್ಸ್ ವೆಲ್ಡನ್ ಜಾನ್ಸನ್. ದೇಶದ ತುಂಬ ಚಂದಾ ಎತ್ತಿದರು. ಚರ್ಚುಗಳಲ್ಲಿ ತಟ್ಟೆ ಹಿಡಿದರು. ಕಪ್ಪು ಜನರ ಪತ್ರಿಕೆಗಳು ವಾರ ವಾರವೂ ಸುದ್ದಿ ಬರೆದವು. 70,000 ಡಾಲರ್‌ಗೂ ಹೆಚ್ಚು ಹಣ ಸೇರಿತು. ಅದರಲ್ಲಿ ದಿನಗೂಲಿಯವರ ಚಿಲ್ಲರೆ ಕಾಸೂ ಇತ್ತು.

ಆ ಹಣದಿಂದ ದೇಶದ ಅತಿ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ ಅವರನ್ನು ಕರೆಸಿದರು. ನ್ಯಾಯಾಧೀಶರಾಗಿ ಕೂತವರು ಫ್ರಾಂಕ್ ಮರ್ಫಿ, ಇನ್ನೂ ಮೂವತ್ತೈದರ ಹರೆಯ. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಜ್ಯೂರಿ ಎಂದರೇನು

ಈಗಿನ ನಮ್ಮ ಕೋರ್ಟುಗಳಲ್ಲಿ ಜ್ಯೂರಿ ಇಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರ ಬೇಕು.

ಜ್ಯೂರಿ ಎಂದರೆ ಸಾಮಾನ್ಯ ಜನರಿಂದ ಆರಿಸಿದ ಪಂಚರು. ಅಂಗಡಿಯವರು, ಗುಮಾಸ್ತರು, ಕೂಲಿಯವರು ಯಾರಾದರೂ ಆಗಬಹುದು. ಸಾಕ್ಷಿ ಕೇಳಿ, ಏನಾಯಿತು, ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವುದು ಅವರ ಕೆಲಸ. ಕಾನೂನು ಏನು ಹೇಳುತ್ತದೆ ಅಂತ ವಿವರಿಸುವುದು ನ್ಯಾಯಾಧೀಶರ ಕೆಲಸ. ಅಮೆರಿಕದ ಇಂಥ ಕೊಲೆ ಕೇಸಿನಲ್ಲಿ ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಒಬ್ಬ ಒಪ್ಪದಿದ್ದರೂ ತೀರ್ಪಿಲ್ಲ.

ಭಾರತದಲ್ಲೂ ಬ್ರಿಟಿಷರ ಕಾಲದಿಂದ ಕೆಲವು ಕಡೆ ಜ್ಯೂರಿ ಇತ್ತು. 1959ರಲ್ಲಿ ಬೊಂಬಾಯಿಯ ನಾನಾವತಿ ಕೊಲೆ ಕೇಸಿನಲ್ಲಿ ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ 'ತಪ್ಪಿತಸ್ಥನಲ್ಲ' ಅಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಶಿಕ್ಷೆಯಾಯಿತು. ಪತ್ರಿಕೆ, ಜನರ ಕೂಗು ಜ್ಯೂರಿಯ ಮನಸ್ಸು ಕೆಡಿಸುತ್ತದೆ ಎಂಬ ವಾದಕ್ಕೆ ಆ ಕೇಸು ಬಲ ಕೊಟ್ಟಿತು. 1973ರ ಅಪರಾಧ ಪ್ರಕ್ರಿಯಾ ಸಂಹಿತೆ ಬಂದಾಗ ಅದರಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಕೋರ್ಟಿನಲ್ಲಿ ಎರಡು ಪ್ರಶ್ನೆ

ಡೆಟ್ರಾಯಿಟ್‌ಗೆ ವಾಪಸು ಬರೋಣ. ಹನ್ನೊಂದು ಜನರ ಮೇಲಿನ ಮೊದಲ ವಿಚಾರಣೆ 1925ರ ಅಕ್ಟೋಬರ್ ಕೊನೆಗೆ ಶುರುವಾಯಿತು.

ಮೊದಲ ಪ್ರಶ್ನೆ: ಹೊರಗೆ ಗುಂಪು ಇತ್ತೋ ಇಲ್ಲವೋ? ಸರ್ಕಾರದ ಕಡೆಯಿಂದ ಬೀದಿಯವರು, ಪೊಲೀಸರು ಒಬ್ಬರ ಹಿಂದೆ ಒಬ್ಬರು ಬಂದು, ಅಂಥ ಜನವೇನೂ ಇರಲಿಲ್ಲ ಅಂದರು. ಡ್ಯಾರೋ ಒಬ್ಬೊಬ್ಬರನ್ನೂ ಕೇಳಿದರು: ನೀವು ಅಲ್ಲಿ ಯಾಕೆ ಹೋಗಿದ್ದಿರಿ? ನಿಮ್ಮ ಜೊತೆ ಯಾರಿದ್ದರು? ಸಂಘದ ಸದಸ್ಯರೋ? ಯಾರೂ ಇರಲಿಲ್ಲ ಅಂತ ಹೇಳಲು ಬಂದ ಸಾಕ್ಷಿಗಳನ್ನೇ ಎಣಿಸಿದರೆ ಒಂದು ಗುಂಪಾಗುತ್ತಿತ್ತು. ಒಬ್ಬ ಸಾಕ್ಷಿ 'ದೊಡ್ಡ ಗುಂಪು' ಅಂತ ಬಾಯಿ ಜಾರಿ, ಆಮೇಲೆ ಮಾತು ತಿದ್ದಿಕೊಂಡ.

ಎರಡನೇ ಪ್ರಶ್ನೆ ಇದಕ್ಕಿಂತ ಆಳದ್ದು. ಒಳಗಿದ್ದವರಿಗೆ ಆದ ಜೀವಭಯ ಸಕಾರಣವೋ ಅಲ್ಲವೋ?

ಆತ್ಮರಕ್ಷಣೆಯ ಕಾನೂನು ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅಪಾಯ ನಿಜವಾಗಿ ಎಷ್ಟಿತ್ತು ಅಂತ ಆಮೇಲೆ ಲೆಕ್ಕ ಹಾಕಿದರೆ ಸಾಲದು. ಆ ಕ್ಷಣದಲ್ಲಿ, ಆ ಜಾಗದಲ್ಲಿ ನಿಂತವನಿಗೆ ಅದು ಹೇಗೆ ಕಂಡಿತು, ಹಾಗೆ ಕಾಣಲು ಸರಿಯಾದ ಕಾರಣ ಇತ್ತೇ ಅಂತ ನೋಡಬೇಕು.

ಡ್ಯಾರೋ ಡಾಕ್ಟರ್ ಓಸಿಯನ್‌ರನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿದರು. ಅವರು ಸೆಪ್ಟೆಂಬರ್ 9ರ ರಾತ್ರಿಯ ಕತೆ ಮಾತ್ರ ಹೇಳಲಿಲ್ಲ. ತಮ್ಮ ಬಾಳಿನ ಕತೆಯನ್ನೇ ಹೇಳಿದರು. ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಸಂಗತಿಗಳು. ವಾಷಿಂಗ್ಟನ್‌ನಲ್ಲಿ ಓದುವಾಗ 1919ರಲ್ಲಿ ನಡೆದ ಜನಾಂಗೀಯ ಗಲಭೆ. ಡಾಕ್ಟರ್ ಟರ್ನರ್ ಮನೆಗೆ ಆದದ್ದು. ಬಾಗಿಲು ತೆರೆದು ಆ ಗುಂಪನ್ನು ನೋಡಿದಾಗ, ತನ್ನ ಜನರನ್ನು ಅಟ್ಟಿಸಿಕೊಂಡು ಬಂದ ಅದೇ ಗುಂಪನ್ನು ನೋಡಿದಂತಾಯಿತು ಎಂಬುದು ಅವರ ಮಾತಿನ ಸಾರ.

ಸರ್ಕಾರಿ ವಕೀಲ ರಾಬರ್ಟ್ ಟಾಮ್ಸ್ ಆಕ್ಷೇಪಿಸಿದರು. ಅಲ್ಲೆಲ್ಲೋ ಆದದ್ದಕ್ಕೂ ಈ ಬೀದಿಗೂ ಏನು ಸಂಬಂಧ? ಆದರೆ ನ್ಯಾಯಾಧೀಶ ಮರ್ಫಿ ಆ ಸಾಕ್ಷ್ಯಕ್ಕೆ ಅವಕಾಶ ಕೊಟ್ಟರು. ಒಬ್ಬನ ಭಯ ಸರಿಯೋ ತಪ್ಪೋ ಅಂತ ಅಳೆಯಬೇಕಾದರೆ ಅವನಿಗೆ ಏನೇನು ಗೊತ್ತಿತ್ತು ಎಂಬುದನ್ನೂ ತಿಳಿಯಬೇಕಲ್ಲ. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡರೂ ಹಾರುತ್ತಾನೆ ಅಂತೇವೆ. ಇಲ್ಲಿ ಎದುರಿಗಿದ್ದದ್ದು ಹಗ್ಗವೂ ಅಲ್ಲ.

ಮೊದಲ ಜ್ಯೂರಿಗೆ ಒಮ್ಮತವಾಗಲಿಲ್ಲ. ನಲವತ್ತಾರು ಗಂಟೆ ಜಗಳಾಡಿ ಸೋತರು. ನವೆಂಬರ್ 27ರಂದು ಮರ್ಫಿ ವಿಚಾರಣೆ ರದ್ದು ಮಾಡಿದರು. ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸುವುದು ಅಂತಾಯಿತು. ಸರ್ಕಾರ ಮೊದಲು ಆರಿಸಿದ್ದು ಗುಂಡು ಹಾರಿಸಿದ್ದನ್ನು ಒಪ್ಪಿದ್ದ ಹೆನ್ರಿಯನ್ನು. ಡ್ಯಾರೋ ಏಳು ಗಂಟೆಯಷ್ಟು ಹೊತ್ತು ಕೊನೆಯ ವಾದ ಮಾಡಿದರು. ಮನುಷ್ಯನ ಮನೆಯೇ ಅವನ ಕೋಟೆ, ಕಪ್ಪಾಗಲಿ ಬಿಳಿಯಾಗಲಿ ಕಾನೂನು ಒಂದೇ ಅಂತ ಮರ್ಫಿ ಜ್ಯೂರಿಗೆ ತಿಳಿಸಿದರು. ಆಮೇಲೆ ಬಂದದ್ದೇ ಮೇ 13ರ ತೀರ್ಪು.

ತೀರ್ಪಿನ ಆಚೆ

ಜ್ಯೂರಿ ಕಾರಣ ಕೊಡುವುದಿಲ್ಲ. ತಪ್ಪಿತಸ್ಥ ಅಥವಾ ತಪ್ಪಿತಸ್ಥನಲ್ಲ, ಅಷ್ಟೇ. ಹಾಗಾಗಿ ಉಳಿದ ಖಾಲಿ ಹಾಳೆಯ ಮೇಲೆ ಊರಿನವರು ತಮಗೆ ಬೇಕಾದ ಕಾರಣ ಬರೆದುಕೊಳ್ಳುತ್ತಾರೆ.

ಕಪ್ಪು ಜನ ಓದಿಕೊಂಡದ್ದು ಹೀಗೆ: ನಮಗೂ ಮನೆ ಇದೆ, ಅದನ್ನು ಕಾಯುವ ಹಕ್ಕೂ ಇದೆ ಅಂತ ಹನ್ನೆರಡು ಬಿಳಿಯರೇ ಒಪ್ಪಿದರು. ತೀರ್ಪಿನ ದಿನ ಕೋರ್ಟಿನಲ್ಲೇ ಇದ್ದ ಜಾನ್ಸನ್ ತಮ್ಮ ಸಂಘದ ಪತ್ರಿಕೆಯಲ್ಲಿ ಆ ಗಳಿಗೆಯ ಬಗ್ಗೆ ಬರೆದರು. ಕಪ್ಪು ಪತ್ರಿಕೆಗಳಿಗೆ ಅದು ಹಬ್ಬ. ಚಂದಾ ಕೊಟ್ಟ ಸಾವಿರಾರು ಜನರಿಗೆ ಅದು ತಮ್ಮದೇ ಗೆಲುವು.

ಬಿಳಿಯರ ಬೀದಿಗಳು ಬೇರೆ ಪಾಠ ಓದಿಕೊಂಡವು. ಗುಂಪು ಕಟ್ಟಿ ಕಲ್ಲು ಹೊಡೆದರೆ ಕೋರ್ಟಿನಲ್ಲಿ ಸೋಲಬಹುದು. ಕಾಗದದಲ್ಲಿ ಷರತ್ತು ಬರೆದರೆ ಸೋಲುವುದಿಲ್ಲ. ಹೆನ್ರಿ ಬಿಡುಗಡೆಯಾದ ಹನ್ನೊಂದೇ ದಿನಕ್ಕೆ, ಮೇ 24ರಂದು, ಅಮೆರಿಕದ ಸುಪ್ರೀಂ ಕೋರ್ಟು 'ಕಾರಿಗನ್ ವಿರುದ್ಧ ಬಕ್ಲಿ' ಕೇಸಿನಲ್ಲಿ, ಮನೆ ಮಾಲೀಕರು ತಮ್ಮೊಳಗೆ ಮಾಡಿಕೊಂಡ ಇಂಥ ಷರತ್ತಿನಲ್ಲಿ ತಾನು ಕೈಹಾಕುವುದಿಲ್ಲ ಅಂದಿತು. ಅಲ್ಲಿಂದ ಕ್ರಯಪತ್ರದ ಷರತ್ತುಗಳು ಊರೂರಿಗೆ ಹಬ್ಬಿದವು. ಕಲ್ಲಿನ ಕೆಲಸವನ್ನು ಶಾಯಿ ಮಾಡಿತು.

ಒಂದು ಕಡೆ ಜ್ಯೂರಿ, 'ನಿನ್ನ ಮನೆಯನ್ನು ನೀನು ಕಾಯಬಹುದು' ಅಂದಿತು. ಇನ್ನೊಂದು ಕಡೆ ಕಾನೂನು, 'ಆದರೆ ಆ ಮನೆಯನ್ನು ನೀನು ಕೊಳ್ಳುವಂತಿಲ್ಲ' ಎಂಬ ಮಾತಿಗೆ ಸುಮ್ಮನಿತ್ತು.

ಸ್ವೀಟ್ ಮನೆತನಕ್ಕೆ ಏನಾಯಿತು

ಉಳಿದವರ ಮೇಲಿನ ಆರೋಪವನ್ನು ಟಾಮ್ಸ್ 1927ರಲ್ಲಿ ಕೈಬಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಆದರೆ ಗ್ಲಾಡಿಸ್‌ಗೆ ಕ್ಷಯ ಅಂಟಿತ್ತು. ಜೈಲಿನಲ್ಲೇ ಅಂಟಿತು ಅಂತ ಮನೆಯವರು ನಂಬಿದ್ದರು. ಪ್ಯಾರಿಸ್‌ನಲ್ಲಿ ಹುಟ್ಟಿದ ಮಗಳು ಎರಡು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ, 1926ರಲ್ಲೇ ಕ್ಷಯದಿಂದ ಹೋದಳು. ಗ್ಲಾಡಿಸ್ 1928ರಲ್ಲಿ ಹೋದರು. ಮುಂದೆ ವಕೀಲನಾದ ಹೆನ್ರಿಯೂ ಅದೇ ರೋಗಕ್ಕೆ ಸಣ್ಣ ವಯಸ್ಸಿನಲ್ಲೇ ಬಲಿಯಾದ. ಓಸಿಯನ್ ಗಾರ್ಲೆಂಡ್ ಅವೆನ್ಯೂ ಮನೆಗೆ ಹಿಂತಿರುಗಿ ಎಷ್ಟೋ ವರ್ಷ ಬಾಳಿದರು, ಗ್ಲಾಡಿಸ್ ಮತ್ತು ಮಗಳಿಲ್ಲದೆ. 1960ರಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು.

ಬ್ರೈನರ್ ಮನೆಯಲ್ಲೂ ಹೋದವನು ಬರಲಿಲ್ಲ. ಅವನನ್ನು ಬೀದಿಗಿಳಿಸಿದ ಸಂಘದವರು ಯಾರೂ ಕಟಕಟೆ ಹತ್ತಲಿಲ್ಲ.

ಇನ್ನೊಂದು ಮನೆ, ಅದೇ ನ್ಯಾಯಾಧೀಶ

ಫ್ರಾಂಕ್ ಮರ್ಫಿ ಮುಂದೆ ಡೆಟ್ರಾಯಿಟ್‌ನ ಮೇಯರ್ ಆದರು. ಕಪ್ಪು ಮತದಾರರು ಅವರನ್ನು ಮರೆತಿರಲಿಲ್ಲ. ಆಮೇಲೆ ಮಿಷಿಗನ್ ರಾಜ್ಯಪಾಲರಾದರು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ಆಡಳಿತ ನಡೆಸುವವರು. 1940ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು.

1948ರಲ್ಲಿ ಆ ಕೋರ್ಟಿಗೆ ಕ್ರಯಪತ್ರದ ಷರತ್ತಿನ ಕೇಸು ಮತ್ತೆ ಬಂತು. 'ಶೆಲ್ಲಿ ವಿರುದ್ಧ ಕ್ರೇಮರ್'. ಜೊತೆಯಲ್ಲಿ ಸೇರಿಸಿ ಕೇಳಿದ ಇನ್ನೊಂದು ಕೇಸು ಡೆಟ್ರಾಯಿಟ್‌ನದೇ, ಮೆಕ್‌ಘೀ ಎಂಬ ಕಪ್ಪು ದಂಪತಿ ಕೊಂಡ ಮನೆಯದು. ಇಂಥ ಷರತ್ತನ್ನು ಯಾವ ಕೋರ್ಟೂ ಜಾರಿ ಮಾಡುವಂತಿಲ್ಲ ಅಂತ ತೀರ್ಪಾಯಿತು. ಒಮ್ಮತದಿಂದ ತೀರ್ಪು ಕೊಟ್ಟ ಆರು ನ್ಯಾಯಾಧೀಶರಲ್ಲಿ ಮರ್ಫಿ ಒಬ್ಬರು. 1926ರ ಜ್ಯೂರಿ ಕೊಡಲಾಗದೆ ಹೋದದ್ದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಯಾರ ಭಯ, ಯಾರ ತೀರ್ಪು

ಅದೇ ದೇಶ, 2012ರ ಫೆಬ್ರವರಿ 26. ಓಸಿಯನ್ ಹುಟ್ಟಿದ ಫ್ಲಾರಿಡಾ ರಾಜ್ಯ. ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕಪ್ಪು ಹುಡುಗ ಅಂಗಡಿಗೆ ಹೋಗಿ ವಾಪಸು ಬರುತ್ತಿದ್ದ. ಕೈಯಲ್ಲಿ ಆಯುಧವಿರಲಿಲ್ಲ. ಬಡಾವಣೆ ಕಾಯುವ ಸ್ವಯಂಸೇವಕ ಜಾರ್ಜ್ ಜಿಮರ್‌ಮನ್ ಅನುಮಾನಪಟ್ಟು ಹಿಂಬಾಲಿಸಿದ. ಹೊಡೆದಾಟವಾಯಿತು, ಗುಂಡು ಹಾರಿತು, ಹುಡುಗ ಸತ್ತ. ಅವನು ಮೇಲೆ ಬಿದ್ದು ಹೊಡೆದ, ಜೀವಭಯವಾಯಿತು ಎಂಬುದು ಜಿಮರ್‌ಮನ್ ಪರ ವಾದ. 2013ರ ಜುಲೈ 13ರಂದು ಆರು ಮಹಿಳೆಯರ ಜ್ಯೂರಿ 'ತಪ್ಪಿತಸ್ಥನಲ್ಲ' ಅಂದಿತು.

ಈ ಸಲವೂ ಕಪ್ಪು ಜನ ಅತ್ತರು, ಬೇರೆ ಕಾರಣಕ್ಕೆ. ನೂರಾರು ಕಡೆ ಮೆರವಣಿಗೆ ನಡೆಯಿತು. ಮುಂದೆ ಜಗತ್ತಿಗೇ ಗೊತ್ತಾದ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಘೋಷಣೆ ಹುಟ್ಟಿದ್ದು ಆ ತೀರ್ಪಿನ ಬೆನ್ನಿಗೇ. ಕತ್ತಲಲ್ಲಿ ಅಪರಿಚಿತನೊಬ್ಬ ಹಿಂಬಾಲಿಸಿದಾಗ ಆ ಹುಡುಗನಿಗೂ ಭಯವಾಗಿರಬಹುದಲ್ಲ, ಅದನ್ನು ಯಾರು ಅಳೆದರು ಅಂತ ಬೀದಿಗಿಳಿದವರು ಕೇಳಿದರು. ತನ್ನ ಭಯವನ್ನು ಹೇಳಿಕೊಳ್ಳಲು ಅವನು ಬದುಕಿರಲಿಲ್ಲ.

ಎರಡು ಕೇಸಿನ ಸಂಗತಿಗಳು ಬೇರೆ. ಆದರೆ ಜನ ಕೇಳಿದ ಪ್ರಶ್ನೆ ಒಂದೇ. ಕೋರ್ಟಿನಲ್ಲಿ ಯಾರ ಭಯಕ್ಕೆ ಬೆಲೆ ಇದೆ?

ನಮ್ಮ ಕಾನೂನಿನ ಮಾತು

ಈ ಪ್ರಶ್ನೆ ನಮ್ಮ ಕಾನೂನಿನಲ್ಲೂ ಇದೆ. ಭಾರತೀಯ ದಂಡ ಸಂಹಿತೆಯಲ್ಲಿ 96ರಿಂದ 106ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 34ರಿಂದ 44. ತನ್ನ ದೇಹ, ತನ್ನ ಆಸ್ತಿ, ಇನ್ನೊಬ್ಬರ ಪ್ರಾಣ ಕಾಯಲು ಈ ಹಕ್ಕಿದೆ. ಅಪಾಯದ ಸಕಾರಣ ಭಯ ಹುಟ್ಟಿದ ಕೂಡಲೇ ದೇಹರಕ್ಷಣೆಯ ಹಕ್ಕು ಶುರುವಾಗುತ್ತದೆ, ಆ ಭಯ ಇರುವವರೆಗೆ ಇರುತ್ತದೆ. ಆದರೆ ಕಾಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಬಳಸುವಂತಿಲ್ಲ. ಮುಗಿದು ಹೋದ ಜಗಳಕ್ಕೆ ಸೇಡು ತೀರಿಸುವುದು ಆತ್ಮರಕ್ಷಣೆಯಲ್ಲ.

ನಮ್ಮಲ್ಲಿ 'ಸಕಾರಣ ಭಯ' ಅಂತ ತೀರ್ಮಾನಿಸುವವರು ಹನ್ನೆರಡು ಜನ ಪಂಚರಲ್ಲ, ನ್ಯಾಯಾಧೀಶರು. ಅವರು ಕಾರಣ ಬರೆಯಬೇಕು, ಮೇಲ್ಮನವಿ ಇರುತ್ತದೆ. ಹಾಗಂತ ಊರಿನ ಜ್ಯೂರಿ ರಜೆ ಹಾಕಿಲ್ಲ. ಕೇಸು ದಾಖಲಾದ ಸಂಜೆಯೇ ಹೋಟೆಲಿನಲ್ಲಿ, ಬಸ್ ಸ್ಟಾಂಡಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬಂದಿರುತ್ತದೆ. ಅಲ್ಲಿ ಸಾಕ್ಷಿಯಿಲ್ಲ, ಪಾಟೀಸವಾಲಿಲ್ಲ. 'ಅವನು ಅಲ್ಲಿಗೆ ಯಾಕೆ ಹೋಗಬೇಕಿತ್ತು?' ಎಂಬ ಒಂದೇ ಪ್ರಶ್ನೆ ಇರುತ್ತದೆ. 1925ರ ಮೇಯರ್ ಸಾಹೇಬರ ಪ್ರಶ್ನೆಯೂ ಅದೇ ಆಗಿತ್ತು.

ಆ ರಾತ್ರಿ ಮನೆಯೊಳಗಿದ್ದವರಿಗೆ ಏನೇನು ಗೊತ್ತಿತ್ತು ಎಂಬ ಇನ್ನೊಂದು ಪ್ರಶ್ನೆಯನ್ನು ಡೆಟ್ರಾಯಿಟ್‌ನ ಹನ್ನೆರಡು ಜನ ಕೇಳಿಕೊಂಡರು. ಅವರೂ ಬಿಳಿಯರೇ, ಅದೇ ಊರಿನವರೇ, ಅದೇ ಪತ್ರಿಕೆ ಓದಿದವರೇ. ಆದರೆ ಇನ್ನೊಬ್ಬರ ಭಯದ ಚರಿತ್ರೆಯನ್ನು ಕೂತು ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ಅವರಿಗೆ ನಾಲ್ಕು ಗಂಟೆಯೂ ಬೇಕಾಗಲಿಲ್ಲ.